ಹಲಸಿನ ದಿಮ್ಮಿಯಲ್ಲಿ ಡಮಾಮಿ ಅಜ್ಜ: ಗುರುವಿಲ್ಲದೆ ಕೆತ್ತುವವರಿಗಾಗಿ

ಆಫ್ರಿಕಾ ಮೂಲದ ನಮ್ಮ ಸಿದ್ದಿ ಜನರ ಚರ್ಮವಾದ್ಯ ಡಮಾಮಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತ ಅಜ್ಜನ ಮೂರ್ತಿ ಕೊನೆಗೂ ಪೆಟ್ಟಿಗೆ ಸೇರಿ ಪ್ರದರ್ಶನಕ್ಕೆ ಹೋಗಿದೆ. ಎತ್ತರ 66 ಸೆಂ.ಮೀ., ಅಗಲ 46 ಸೆಂ.ಮೀ., ಇಡೀ ಮೂರ್ತಿ ಒಂದೇ ತುಂಡು ಹಲಸು. ಮರ ಬಿದ್ದಾಗಿನಿಂದ ಪೆಟ್ಟಿಗೆಗೆ ಮೊಳೆ ಹೊಡೆಯುವವರೆಗೆ ಎರಡು ಬೇಸಿಗೆ ಕಳೆದವು. ಅದರಲ್ಲಿ ಉಳಿ ಹಿಡಿದ ಹೊತ್ತು ಕಡಿಮೆ, ಕಾದದ್ದೇ ಹೆಚ್ಚು. ಕೆತ್ತನೆಯೇ ಕುಲಕಸುಬಾದ ಗುಡಿಗಾರರ ಮನೆಯಲ್ಲಿ ಹುಟ್ಟಿದ ಮಗುವಿಗೆ ಮರ ಯಾವಾಗ ಒಡೆಯುತ್ತದೆ, ಹುಳ ಎಲ್ಲಿಂದ ಬರುತ್ತದೆ ಎಂಬುದೆಲ್ಲ ಆಡುತ್ತಾ ಗೊತ್ತಾಗುತ್ತದೆ. ಮನೆಯಲ್ಲಿ ಆ ಕಸುಬು ಇಲ್ಲದವರಿಗೆ ಯಾರೂ ಹೇಳುವುದಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ನಮ್ಮ ಹುಡುಗ ಹುಡುಗಿಯರು ಕೆತ್ತನೆಗೆ ಇಳಿಯುವುದಾದರೆ ಅವರಿಗೆ ಇದು ಉಪಯೋಗಕ್ಕೆ ಬರಲಿ.

ಮರದಿಂದಲೇ ಶುರು ಮಾಡುತ್ತೇನೆ. ಸಾಗುವಾನಿ, ಬೀಟೆ, ಶ್ರೀಗಂಧದ ಆಸೆ ಮೊದಲೇ ಬಿಡಿ. ಕಾನೂನಿನ ತೊಡಕೂ ಹೆಚ್ಚು, ಬೆಲೆಯೂ ಹೆಚ್ಚು. ಹಲಸು ಮತ್ತು ಶಿವನೆ ಕಲಿಯುವವರಿಗೆ ಒಳ್ಳೆಯವು. ಶಿವನೆ ಹಗುರ, ಒಣಗುವಾಗ ಕಡಿಮೆ ಕುಗ್ಗುತ್ತದೆ, ಉಳಿಗೆ ಮೆತ್ತಗೆ. ಹಲಸು ಅದಕ್ಕಿಂತ ಗಟ್ಟಿ. ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಅಲ್ಲಲ್ಲಿ ಕಿತ್ತು ಬರುತ್ತದೆ. ಆದರೆ ಹೊಸದರಲ್ಲಿ ಹಳದಿ ಇದ್ದದ್ದು ಬೆಳಕಿಗೆ ಕ್ರಮೇಣ ಕಂದಾಗುವ ಆ ಬಣ್ಣಕ್ಕಾಗಿ ನಾನು ಹಲಸನ್ನೇ ಆರಿಸಿದೆ.

ಈ ಮರ ಒಂದು ಅಡಿಕೆ ತೋಟದ ಅಂಚಿನಲ್ಲಿ ಮಳೆಗಾಲದ ಗಾಳಿಗೆ ಬಿದ್ದದ್ದು. ತಾನಾಗಿ ಬಿದ್ದ ಮರವಾದರೂ ಕೇಳದೆ ಸಾಗಿಸುವಂತಿಲ್ಲ. ಖಾಸಗಿ ಜಮೀನಿನ ಮರಗಳಿಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಸಾಗಣೆಗೆ ಅರಣ್ಯ ಇಲಾಖೆಯ ಪಾಸ್ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಆ ಪಟ್ಟಿ ಆಗಾಗ ತಿದ್ದುಪಡಿ ಆಗುವುದರಿಂದ ನಿಮ್ಮ ವಲಯ ಅರಣ್ಯ ಕಚೇರಿಯಲ್ಲೇ ಕೇಳಿಕೊಳ್ಳಿ. ಅರ್ಜಿಯ ಜೊತೆ ಜಮೀನಿನ ಮಾಲೀಕರ ಪಹಣಿ, ಸರ್ವೆ ನಕ್ಷೆ, ಆಧಾರ್ ಪ್ರತಿ, ಮಾಲೀಕರ ಒಪ್ಪಿಗೆ ಪತ್ರ ಕೊಟ್ಟೆವು. ಮರದ ಸುತ್ತಳತೆಯನ್ನೂ ಬರೆದೆವು.

ಕೆಲಸ ನಿಂತದ್ದು ಗಡಿಯ ಪ್ರಶ್ನೆಗೆ. ಬುಡ ಇದ್ದದ್ದು ಮಾಲ್ಕಿ (ಖಾಸಗಿ) ಜಾಗದಲ್ಲೋ ಸೊಪ್ಪಿನ ಬೆಟ್ಟದಲ್ಲೋ ಎಂದು ಕಚೇರಿಯಲ್ಲಿ ಕೇಳಿದರು. ಬೆಟ್ಟ ಭೂಮಿಯಲ್ಲಿ ಸೊಪ್ಪು, ದರಕು ತರುವ ಸವಲತ್ತು ತೋಟದವರಿಗೆ ಇದೆ, ಮರದ ಮೇಲೆ ಹಕ್ಕಿಲ್ಲ. ನಕ್ಷೆ ಹಿಡಿದು ಅಳೆದ ಮೇಲೆ ಮಾಲ್ಕಿಯೇ ಎಂದು ತೀರ್ಮಾನವಾಯಿತು, ಆದರೆ ಅಳೆಯುವವರು ಬರುವ ಹೊತ್ತಿಗೆ ಮಳೆಯೇ ಕಡಿಮೆಯಾಗಿತ್ತು. ನಮ್ಮವರಿಗೆ ಇನ್ನೊಂದು ಮಾತು ಹೇಳಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪಟ್ಟಾ ಸಿಕ್ಕಿದ್ದರೂ ಆ ಜಾಗದ ಮರ ಕಡಿದು ನಾಟಾ ಮಾಡುವ ಹಕ್ಕು ಅದರಲ್ಲಿ ಬರುವುದಿಲ್ಲ. ಕಿರು ಅರಣ್ಯ ಉತ್ಪನ್ನವೆಂದರೆ ಜೇನು, ಸೀಗೆ, ಬಿದಿರಿನಂಥವು, ನಾಟಾ ಅಲ್ಲ. ಪಟ್ಟಾ ತೋರಿಸಿದರೆ ಸಾಕೆಂದು ಕೊಡಲಿ ಹಾಕಿದರೆ ಮೊಕದ್ದಮೆಗೆ ಸಿಕ್ಕಿಬೀಳುತ್ತೀರಿ. ಇಷ್ಟೆಲ್ಲ ಬೇಡವೆನಿಸಿದರೆ ಪರವಾನಿಗೆ ಇರುವ ಸಾ ಮಿಲ್ಲಿನಲ್ಲಿ ಬಿಲ್ ಪಡೆದು ತುಂಡು ಕೊಳ್ಳಿ. ಆ ಬಿಲ್ಲನ್ನು ಮೂರ್ತಿ ಮಾರಾಟವಾಗುವವರೆಗೂ ಜೋಪಾನವಾಗಿ ಇಟ್ಟುಕೊಳ್ಳಿ.

ಕಾಯುವ ಆ ತಿಂಗಳುಗಳಲ್ಲಿ ಅಂಗಳದಲ್ಲಿ ಮಾಡಬೇಕಾದ ಕೆಲಸ ಒಂದಿದೆ. ಬಿದ್ದ ಮರದ ಕೊಯ್ದ ತುದಿಗಳನ್ನು ಹಾಗೇ ಬಿಟ್ಟರೆ ತೇವ ತುದಿಯಿಂದ ಓಡಿಹೋಗಿ ನಕ್ಷತ್ರದ ಹಾಗೆ ಬಿರಿಯುತ್ತದೆ. ಮಾಲೀಕರನ್ನು ಕೇಳಿಕೊಂಡು ಎರಡೂ ತುದಿಗೆ ಕರಗಿಸಿದ ಮೇಣ ದಪ್ಪಗೆ ಹಚ್ಚಿ, ತೆಂಗಿನ ಗರಿ ಮುಚ್ಚಿಟ್ಟೆ. ಮೇಣ ಸಿಗದಿದ್ದರೆ ಎಣ್ಣೆ ಬಣ್ಣ ಎರಡು ಕೋಟ್ ಆದರೂ ಸರಿ, ಆದರೆ ಕೊಯ್ದ ದಿನವೇ ಆಗಬೇಕು. ನೆಲಕ್ಕೆ ತಾಗದಂತೆ ಕೆಳಗೆ ಕಲ್ಲು ಕೊಡಿ, ಇಲ್ಲದಿದ್ದರೆ ಒರಲೆ ಹತ್ತುತ್ತದೆ.

ಏನು ಕೆತ್ತುವುದು ಎಂಬ ಯೋಚನೆಗೂ ಆ ಬಿಡುವು ಒದಗಿತು. ಆಫ್ರಿಕಾ ಎಂದೊಡನೆ ಅಂತರ್ಜಾಲದಲ್ಲಿ ಮೊದಲು ಸಿಗುವುದು ಪಶ್ಚಿಮ ಆಫ್ರಿಕಾದ ಮುಖವಾಡಗಳು. ಅವು ಅದ್ಭುತವಾದವು, ಆದರೆ ನಮ್ಮವಲ್ಲ. ಕರ್ನಾಟಕದ ಸಿದ್ದಿಗಳ ಹಿರಿಯರಲ್ಲಿ ಹೆಚ್ಚಿನವರನ್ನು ಪೋರ್ಚುಗೀಸರೂ ಅರಬ್ ವ್ಯಾಪಾರಿಗಳೂ ಆಫ್ರಿಕಾದ ಪೂರ್ವ ಮತ್ತು ಆಗ್ನೇಯ ಕರಾವಳಿಯಿಂದ ತಂದರು. ಬಹಳ ಮಂದಿ ಗೋವೆಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರು. ವಂಶವಾಹಿ ಅಧ್ಯಯನಗಳೂ ಆಫ್ರಿಕಾದ ಬಂಟು ಭಾಷಿಕರ ಮೂಲವನ್ನೇ ತೋರಿಸುತ್ತವೆ. ಆ ಕಡೆಯ ಕೆತ್ತನೆ ನೋಡಬೇಕೆಂದರೆ ಮೊಜಾಂಬಿಕ್‌ನ ಉತ್ತರಕ್ಕೂ ತಾಂಜಾನಿಯಾದ ದಕ್ಷಿಣಕ್ಕೂ ಹರಡಿರುವ ಮಕೊಂಡೆ ಜನರ ಕೆಲಸ ನೋಡಿ. ಒಂದೇ ದಿಮ್ಮಿಯಲ್ಲಿ ಮನೆತನದ ಹತ್ತಾರು ಜನ ಒಬ್ಬರ ಹೆಗಲ ಮೇಲೊಬ್ಬರು ನಿಂತ ಕಂಬಗಳನ್ನು ಅವರು ಕಡೆಯುತ್ತಾರೆ. ಅವರ ಕಪ್ಪು ಮರ ಎಂಪಿಂಗೊ ನಮ್ಮ ಬೀಟೆಯ ಕುಲದ್ದೇ, ಎರಡೂ ಡಾಲ್ಬರ್ಜಿಯಾ. ಇದನ್ನು ತಿಳಿದಾಗ ಆದ ಸಂತೋಷ ಸಣ್ಣದಲ್ಲ.

ಮುಖಕ್ಕೆ ಬೇರೆ ಆಧಾರ ಹಿಡಿದೆ. ಬಿಜಾಪುರದ ಸುಲ್ತಾನ ಮಹಮ್ಮದ್ ಆದಿಲ್ ಶಾಹನೂ ಅವನ ಹಬ್ಶಿ ಮಂತ್ರಿ ಇಖ್ಲಾಸ್ ಖಾನನೂ ಆನೆಯ ಮೇಲೆ ಕೂತ 17ನೇ ಶತಮಾನದ ಚಿತ್ರವಿದೆ. ಆಫ್ರಿಕಾ ಮೂಲದ ಮುಖವನ್ನು ತುಟಿ ಮೂಗು ಉಬ್ಬಿಸಿ ವಿಕಾರ ಮಾಡದೆ, ಘನತೆಯಿಂದ ಬರೆದ ಚಿತ್ರ. ಅದರ ಪಕ್ಕನೋಟವನ್ನು ಕಾಗದಕ್ಕೆ ಇಳಿಸಿ ಅಭ್ಯಾಸ ಮಾಡಿ. ಆಮೇಲೆ ನಿಮ್ಮ ಕೇರಿಯ ಹಿರಿಯರೊಬ್ಬರ ಒಪ್ಪಿಗೆ ಪಡೆದು ಎದುರಿನಿಂದ, ಎಡದಿಂದ, ಬಲದಿಂದ, ಬೆನ್ನಿನಿಂದ ಫೋಟೋ ತೆಗೆಯಿರಿ. ಮೊಬೈಲನ್ನು ಮುಖದ ಹತ್ತಿರ ಹಿಡಿಯಬೇಡಿ, ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿದು ಅಳತೆಯೇ ಸುಳ್ಳಾಗುತ್ತದೆ. 3 ಮೀಟರ್ ದೂರ ನಿಂತು ಜೂಮ್ ಮಾಡಿ. ಹಣೆ, ಮೂಗು, ಗಲ್ಲದ ಅಳತೆಯನ್ನು ಕೈವಾರದಲ್ಲಿ ತೆಗೆದುಕೊಂಡರೆ ಇನ್ನೂ ಒಳ್ಳೆಯದು.

ಗುರುವಿಲ್ಲದೆ ಕೆತ್ತಿದವರ ಸಾಲೂ ದೊಡ್ಡದಿದೆ. ಅಮೆರಿಕದ ನ್ಯಾಶ್ವಿಲ್‌ನ ವಿಲಿಯಂ ಎಡ್ಮಂಡ್ಸನ್ ಗುಲಾಮಗಿರಿಯಲ್ಲಿ ಬದುಕಿದ ತಂದೆತಾಯಿಯ ಮಗ. ಕೆಡವಿದ ಕಟ್ಟಡಗಳ ಸುಣ್ಣಕಲ್ಲನ್ನು ತಂದು, ರೈಲು ಹಳಿಯ ಮೊಳೆಗಳನ್ನೇ ಉಳಿ ಮಾಡಿಕೊಂಡು ಗೋರಿಕಲ್ಲು ಕೆತ್ತುತ್ತಾ ಶಿಲ್ಪಿಯಾದರು. 1937ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಏಕವ್ಯಕ್ತಿ ಪ್ರದರ್ಶನ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಅವರೇ. ಒಹಾಯೊದ ಕೊಲಂಬಸ್‌ನಲ್ಲಿ ಕ್ಷೌರದಂಗಡಿ ನಡೆಸುತ್ತಿದ್ದ ಎಲೈಜಾ ಪಿಯರ್ಸ್ ಮರದ ಹಲಗೆಯಲ್ಲಿ ಉಬ್ಬುಚಿತ್ರ ಕೆತ್ತಿದರು. ಹೈಟಿಯ ಕ್ರ್ವಾ-ದೆ-ಬುಕೆ ಊರಿನ ಕಮ್ಮಾರ ಜಾರ್ಜ್ ಲಿಯೋತೊ ಸ್ಮಶಾನದ ಕಬ್ಬಿಣದ ಶಿಲುಬೆಗಳಿಂದ ಶುರು ಮಾಡಿದವರು, ಅವರ ದಾರಿಯಲ್ಲೇ ಆ ಊರು ಹಳೆಯ ಎಣ್ಣೆ ಡ್ರಮ್ಮಿನ ತಗಡನ್ನು ಕಡಿದು ಶಿಲ್ಪ ಮಾಡುವ ಊರಾಯಿತು. ಅವರ್ಯಾರೂ ದೂರದಿಂದ ದುಬಾರಿ ಕಲ್ಲು, ಮರ ತರಿಸಲಿಲ್ಲ. ಊರಲ್ಲಿ ಸಿಕ್ಕಿದ್ದನ್ನು ತೆಗೆದುಕೊಂಡು ಅದರ ಗುಣವನ್ನು ಪೂರ್ತಿ ಅರಿತರು.

ಪಾಸ್ ಕೈಗೆ ಬಂದ ಮೇಲೆ 75 ಸೆಂ.ಮೀ. ಉದ್ದ, 50 ಸೆಂ.ಮೀ. ವ್ಯಾಸದ ತುಂಡನ್ನು ಮಿಲ್ಲಿಗೆ ಒಯ್ದು ನಟ್ಟನಡುವೆ ಸೀಳಿಸಿದೆ. ಇಡೀ ದುಂಡು ದಿಮ್ಮಿಯಲ್ಲಿ ಕೆತ್ತಬೇಡಿ ಎಂದು ಒತ್ತಿ ಹೇಳುತ್ತೇನೆ. ಮರ ಒಣಗುವಾಗ ವರ್ಷದ ಉಂಗುರಗಳ ಗುಂಟ ಕುಗ್ಗುವುದು, ನಡುವಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ನಡುವಿನ ತಿರುಳು ಒಳಗೇ ಉಳಿದರೆ ಈ ಎಳೆದಾಟಕ್ಕೆ ಜಾಗವಿಲ್ಲದೆ ದಿಮ್ಮಿ ತೊಗಟೆಯಿಂದ ತಿರುಳಿನವರೆಗೆ ಬಿರಿದೇ ಬಿರಿಯುತ್ತದೆ, ಬಿರುಕು ಮುಖದ ಮೇಲೆಯೇ ಬಂದರೂ ಬಂತು. ಸೀಳಿದ ಅರ್ಧದಲ್ಲಿ ತಿರುಳನ್ನು ಬೆನ್ನಿನ ಕಡೆ ಇಟ್ಟು ಕೆತ್ತಿ ತೆಗೆದುಬಿಡಬಹುದು. ಇನ್ನರ್ಧ ಮುಂದಿನ ಮೂರ್ತಿಗೆ ಉಳಿಯಿತು.

ಹೊರಗಿನ ಬಿಳಿ ಭಾಗವನ್ನು ಬಾಚಿಯಿಂದ ಪೂರ್ತಿ ಕೆತ್ತಿ ತೆಗೆದೆ. ಕೊರೆಯುವ ಹುಳಕ್ಕೆ ಬೇಕಾದ ಪಿಷ್ಟ ಇರುವುದು ಅಲ್ಲೇ, ಒಳಗಿನ ಗಟ್ಟಿ ಚೇಗಿನಲ್ಲಿ ಅಲ್ಲ. ಮರ ಹಸಿಯಿರುವಾಗಲೇ ಬೋರಾಕ್ಸ್ ಕುಡಿಸಬೇಕು. 10 ಲೀಟರ್ ಬಿಸಿನೀರಿಗೆ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಆಸಿಡ್. ಬ್ರಷ್‌ನಲ್ಲಿ ಎರಡು ಮೂರು ಸಲ ಹಚ್ಚಿ ಪ್ಲಾಸ್ಟಿಕ್ ಸುತ್ತಿ ಒಂದು ವಾರ ಇಟ್ಟರೆ ತೇವದ ಜೊತೆ ಒಳಕ್ಕೆ ಇಳಿಯುತ್ತದೆ. ಒಣಮರಕ್ಕೆ ಹಚ್ಚಿದರೆ ಮೇಲೆಯೇ ಉಳಿಯುತ್ತದೆ. ಮಳೆನೀರು ಬಿದ್ದರೆ ತೊಳೆದು ಹೋಗುವ ಮದ್ದು ಇದು, ಒಳಾಂಗಣದ ಮೂರ್ತಿಗೆ ಮಾತ್ರ. ಕೈಗವಸು ಹಾಕಿಕೊಳ್ಳಿ, ಮಕ್ಕಳಿಂದ ದೂರ ಇಡಿ.

ಹಲಗೆ ಒಣಗಲು ಇಂಚಿಗೆ ಒಂದು ವರ್ಷ ಎಂಬ ಹಳೆಯ ಲೆಕ್ಕ ಇದೆ. ನಮ್ಮ ಬೇಸಿಗೆಗೆ ಅಷ್ಟು ಬೇಡ, ಆದರೂ 25 ಸೆಂ.ಮೀ. ದಪ್ಪದ ತುಂಡು ಹಾಗೇ ಒಣಗಲಿ ಎಂದು ಕಾದರೆ ಆಯುಷ್ಯ ಸಾಲದು. ದಾರಿ ಏನೆಂದರೆ ಹಸಿಯಲ್ಲೇ ಒರಟಾಗಿ ರೂಪ ಬಿಡಿಸಿ, ಬೆನ್ನಿನಿಂದ ಪೊಳ್ಳು ಮಾಡಿ, ಎಲ್ಲೆಡೆ 5 ಸೆಂ.ಮೀ. ಗೋಡೆ ಉಳಿಸುವುದು. ಹಳೆಯ ಕಾಲದ ದೊಡ್ಡ ಮರದ ಮೂರ್ತಿಗಳ ಬೆನ್ನು ಎಷ್ಟೋ ಕಡೆ ಪೊಳ್ಳಾಗಿರುವುದು ಇದಕ್ಕೇ. ಗೋಡೆ ಸಮವಾಗಿರಬೇಕು. ಎದೆಯಲ್ಲಿ 4, ಸೊಂಟದಲ್ಲಿ 9 ಎಂದಾದರೆ ತೆಳ್ಳಗಿನದು ಮೊದಲು ಒಣಗಿ ದಪ್ಪಗಿನದನ್ನು ಎಳೆದು ಸೀಳುತ್ತದೆ. ಒರಟು ರೂಪದಲ್ಲಿ ಮೂಗು, ಬೆರಳು, ಕಿವಿಗೆ ಎಲ್ಲ ಕಡೆ 1.5 ಸೆಂ.ಮೀ. ಹೆಚ್ಚುವರಿ ಮರ ಬಿಟ್ಟಿದ್ದೆ. ಅಡ್ಡಮರ (ಎಳೆಗಳ ಕೊಯ್ದ ತುದಿ) ಕಾಣುವ ತಲೆಯ ನೆತ್ತಿ, ಪೀಠದ ತಳಕ್ಕೆ ಮತ್ತೆ ಮೇಣ. ಆಮೇಲೆ ಗಾಳಿ ನೇರ ಬಡಿಯದ ಅಟ್ಟದಲ್ಲಿ ಗೋಣಿ ಹೊದಿಸಿ ಇಟ್ಟೆ. ಒಲೆಯ ಮೇಲಿನ ಅಟ್ಟ ಬೇಡ, ಬೇಗ ಒಣಗಿದಷ್ಟೂ ಬೇಗ ಬಿರಿಯುತ್ತದೆ.

ಒಣಗಿತೋ ಇಲ್ಲವೋ ಎಂದು ತಿಳಿಯಲು ಬಡಿದು ಸದ್ದು ಕೇಳುವವರಿದ್ದಾರೆ. ಹೊಸಬರಿಗೆ ತಕ್ಕಡಿಯೇ ಗತಿ. ತಿಂಗಳಿಗೊಮ್ಮೆ ಮೂರ್ತಿಯನ್ನು ತೂಗಿ ಗೋಡೆಯ ಮೇಲೆ ಬರೆಯಿರಿ. ತೂಕ ಇಳಿಯುವುದು ನಿಂತಾಗ ನಿಮ್ಮ ಊರಿನ ಹವೆಗೆ ಹೊಂದಿದೆ ಎಂದರ್ಥ. ಪಕ್ಕಾ ಲೆಕ್ಕ ಬೇಕಾದರೆ ಅದೇ ಮರದ ಸಣ್ಣ ತುಂಡನ್ನು ತೂಗಿ, ಓವನ್ನಿನಲ್ಲಿ 103 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ. 118 ಗ್ರಾಂ ಇದ್ದದ್ದು 100 ಆದರೆ ತೇವ ಶೇ 18. ಮಲೆನಾಡಿನ ಮಳೆಗಾಲದಲ್ಲಿ ಮರ ಅದಕ್ಕಿಂತ ಕೆಳಗೆ ಇಳಿಯುವುದು ಕಷ್ಟ. ಬಯಲುಸೀಮೆಯ ಬೇಸಿಗೆಯಲ್ಲಿ, ಎಸಿ ಇರುವ ಸಭಾಂಗಣದಲ್ಲಿ ಅದು ಶೇ 10ರ ಆಸುಪಾಸಿಗೆ ಬರುತ್ತದೆ. ಇಲ್ಲಿ ಕೆತ್ತಿದ ಮೂರ್ತಿ ಹುಬ್ಬಳ್ಳಿ, ಬೆಂಗಳೂರಿಗೆ ಹೋಗಿ ಬಿರಿಯುವುದರ ಕಾರಣ ಇಷ್ಟೇ. ಅಂತಿಮ ಕೆತ್ತನೆಯನ್ನು ಏಪ್ರಿಲ್‌, ಮೇ ತಿಂಗಳಿಗೆ ಇಟ್ಟುಕೊಳ್ಳಿ, ಜುಲೈನಲ್ಲಿ ಬೇಡ.

ಒಣಗುವ ಕಾಲದಲ್ಲಿ ಉಳಿಗಳನ್ನು ಮಾಡಿಸಿಕೊಂಡೆ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ ಕಮ್ಮಾರರಲ್ಲಿ ಕೊಟ್ಟರೆ ಒಳ್ಳೆಯ ಉಳಿಯಾಗುತ್ತದೆ. ಹದ ಕೊಡುವಾಗ ಪಕ್ಕದಲ್ಲಿ ನಿಂತು ನೋಡಿ. ಅಯಸ್ಕಾಂತ ಹಿಡಿಯದಷ್ಟು ಕೆಂಪಗೆ ಕಾಸಿ, ಎಣ್ಣೆಯಲ್ಲಿ ಅದ್ದಿ, ಮೇಲ್ಮೈ ಉಜ್ಜಿ ಹೊಳಪು ಮಾಡಿ, ಮತ್ತೆ ಒಣಹುಲ್ಲಿನ ಹಳದಿ ಬಣ್ಣ ಬರುವಷ್ಟು ಮಾತ್ರ ಕಾಸಬೇಕು. ಈ ಎರಡನೆಯ ಕಾಯಿಸುವಿಕೆ ಬಿಟ್ಟರೆ ಬಾಯಿ ಗಾಜಿನಂತೆ ಚಕ್ಕೆ ಏಳುತ್ತದೆ, ನೀಲಿಗೆ ತಿರುಗುವಷ್ಟು ಕಾಸಿದರೆ ಮೆತ್ತಗಾಗಿ ಮಡಚುತ್ತದೆ. 25, 12, 6 ಮಿ.ಮೀ. ಚಪ್ಪಟೆ ಉಳಿ, 20 ಮತ್ತು 8 ಮಿ.ಮೀ. ಗೌಜ್ (ಬಾಯಿ ಬಾಗಿದ ಉಳಿ), ಒಂದು ವಿ ಉಳಿ, ಒಂದು ಕೊಡತಿ, ಎರಡು ಬದಿಯ ಸಾಣೆಕಲ್ಲು ಸಾಕು. ಬಾಯಿಯ ಕೋನ 25 ಡಿಗ್ರಿ. ಕೂದಲಿಗೆಂದು 3 ಮಿ.ಮೀ. ಗೌಜ್ ಒಂದನ್ನು ಅಂಗಡಿಯಿಂದ ತಂದೆ, ಅಷ್ಟು ಸಣ್ಣದನ್ನು ಕಮ್ಮಾರರು ಮಾಡಿಕೊಡಲಾರರು.

ಕೆತ್ತನೆಯಲ್ಲಿ ಎರಡು ಜಾಗ ಕಾಡಿದವು. ಮೊದಲನೆಯದು ಕೂದಲು. ಸುರುಳಿ ಕೂದಲನ್ನು ಗೀರು ಎಳೆದು ತೋರಿಸಿದರೆ ಉಣ್ಣೆಯ ಟೋಪಿಯ ಹಾಗೆ ಕಾಣುತ್ತದೆ. 3 ಮಿ.ಮೀ. ಗೌಜನ್ನು ನೇರ ನಿಲ್ಲಿಸಿ ಒತ್ತಿ, ಅರ್ಧ ಸುತ್ತು ತಿರುಗಿಸಿ, ಎದುರು ಬದಿಯಿಂದ ಮತ್ತೆ ಒತ್ತಿದರೆ ಒಂದು ಗುಂಗುರು. ಸಾಲು ಸಾಲಾಗಿ ಬೇಡ, ಸುಳಿಯಿಂದ ಹೊರಗೆ ಹರಡಲಿ. ನೆತ್ತಿಯಲ್ಲಿ ಅಡ್ಡಮರ ಇರುವುದರಿಂದ ಗುಂಗುರುಗಳ ನಡುವಿನ ಗೋಡೆ 2 ಮಿ.ಮೀ.ಗಿಂತ ತೆಳುವಾದರೆ ಉದುರುತ್ತದೆ.

ಎರಡನೆಯದು ಡಮಾಮಿ ಹಿಡಿದ ಕೈಬೆರಳು. ಮರದ ಎಳೆ ಮೂರ್ತಿಯಲ್ಲಿ ಮೇಲಿಂದ ಕೆಳಕ್ಕೆ ಹೋಗುತ್ತದೆ, ಅಡ್ಡ ಚಾಚಿದ ಬೆರಳಿಗೆ ಎಳೆಯ ಬಲವೇ ಇಲ್ಲ, ತಾಗಿದರೆ ಮುರಿಯುತ್ತದೆ. ಹಾಗಾಗಿ ಬೆರಳುಗಳನ್ನು ವಾದ್ಯದ ತೊಗಲಿನ ಮೇಲೆ ಒರಗಿಸಿ ಕೆತ್ತಿದೆ, ಬೆರಳು ಮತ್ತು ವಾದ್ಯ ಒಂದೇ ಮರವಾಗಿ ಉಳಿಯುತ್ತವೆ. ಹಲಸಿನ ಎಳೆ ತಿರುಗುವ ಕಡೆ ಉದ್ದಕ್ಕೆ ಕೆತ್ತಿದರೆ ಚಕ್ಕೆ ಕಿತ್ತು ಬರುತ್ತದೆ, ಅಡ್ಡಕ್ಕೆ ಓರೆಯಾಗಿ ಉಳಿ ಜಾರಿಸಿ. ವಾದ್ಯದ ಮೇಲೆ ನಿಜವಾದ ಜಿಂಕೆ ಚರ್ಮ ಹಾಕುವ ಆಸೆ ಬೇಡ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ತೊಗಲು, ಹಗ್ಗ ಎಲ್ಲವನ್ನೂ ಮರದಲ್ಲೇ ತೋರಿಸಬಹುದು.

ಅಜ್ಜ ಕೂತ ಪೀಠವನ್ನು ಕೌದಿಯಾಗಿ ಕೆತ್ತಿದೆ. ಇದು ನನಗೆ ಈ ಕೆಲಸದಲ್ಲೇ ಹೆಚ್ಚು ಪ್ರೀತಿಯ ಭಾಗ. ನಮ್ಮ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಹೊಲಿಯುತ್ತಾ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಕೊನೆಗೆ ಮೂಲೆಗಳಿಗೆ ಮಡಚಿದ ತ್ರಿಕೋನದ ಹೂವು ಇಡುತ್ತಾರೆ, ಹೂವಿಲ್ಲದ ಕೌದಿ ಬೆತ್ತಲೆ ಎಂಬ ಮಾತಿದೆ. ಅದೇ ಕ್ರಮ ಹಿಡಿದು ವಿ ಉಳಿಯಲ್ಲಿ ಅಂಚಿನಿಂದ ಒಳಕ್ಕೆ 6 ಮಿ.ಮೀ. ಉದ್ದದ ಗೀರು, 4 ಮಿ.ಮೀ. ಬಿಡುವು, ಮತ್ತೆ ಗೀರು. ಸಾಲುಗಳ ನಡುವೆ 8 ಮಿ.ಮೀ. ಹೂವುಗಳಿಗೆಂದು ಮೂಲೆಗಳಲ್ಲಿ 1 ಸೆಂ.ಮೀ. ಮರವನ್ನು ಒರಟು ಕೆತ್ತನೆಯಲ್ಲೇ ಎತ್ತರ ಬಿಡಬೇಕು, ಆಮೇಲೆ ಅಂಟಿಸಿದರೆ ಕಳಚಿಬರುತ್ತವೆ.

ಕೆತ್ತಿದ ಮೇಲೆ ಮುಖ, ಕೈಗೆ ಮಾತ್ರ 120, 180, 240 ನಂಬರಿನ ಮರಳು ಕಾಗದ. ಉಳಿದದ್ದು ಉಳಿಯ ಗುರುತಿನ ಸಮೇತ ಇರಲಿ. ಹಲಸಿನ ಪುಡಿ ಮೂಗು, ಗಂಟಲನ್ನು ಕೆರಳಿಸುತ್ತದೆ, ಮಾಸ್ಕ್ ಬೇಕೇ ಬೇಕು. ಚರ್ಮದ ಕಪ್ಪು ಬಣ್ಣಕ್ಕೆ ಬೂಟ್ ಪಾಲಿಶ್ ಬಳಿಯುವುದು ಪ್ರವಾಸಿಗರಿಗೆ ಮಾರುವ ನಕಲಿ ಎಂಪಿಂಗೊ ಸಾಮಾನಿನ ಪದ್ಧತಿ, ಕೈಗೆ ಹತ್ತುತ್ತದೆ. ಅಳಲೆಕಾಯಿ ಬಳಸಿ. 100 ಗ್ರಾಂ ಪುಡಿಯನ್ನು 1 ಲೀಟರ್ ನೀರಲ್ಲಿ ಅರ್ಧ ಗಂಟೆ ಕುದಿಸಿ, ರಾತ್ರಿಯಿಡೀ ಬಿಟ್ಟು ಸೋಸಿ. ಇನ್ನೊಂದು ಬಾಟಲಿಯಲ್ಲಿ ಅರ್ಧ ಲೀಟರ್ ವಿನೆಗರ್‌ಗೆ 50 ಗ್ರಾಂ ಸ್ಟೀಲ್ ವುಲ್ ಹಾಕಿ ವಾರ ಬಿಡಿ. ಅನಿಲ ಬರುವುದರಿಂದ ಮುಚ್ಚಳ ಬಿಗಿ ಮಾಡಬೇಡಿ, ಬೆಂಕಿಯ ಹತ್ತಿರ ಇಡಬೇಡಿ. ಮೊದಲು ಕಷಾಯ ಹಚ್ಚಿ ಒಣಗಿಸಿ, ಮೇಲೆ ಕಬ್ಬಿಣದ ನೀರು ಹಚ್ಚಿದರೆ ಕಣ್ಣೆದುರೇ ಕಪ್ಪಾಗುತ್ತದೆ. ಅಂಟು ಅಥವಾ ಕೈಯ ಜಿಡ್ಡು ಇದ್ದಲ್ಲಿ ಬಣ್ಣ ಹಿಡಿಯದೆ ಹಳದಿ ಕಲೆ ಉಳಿಯುತ್ತದೆ, ಮೊದಲು ತುಂಡಿನ ಮೇಲೆ ಪರೀಕ್ಷಿಸಿ. ಮೇಲೆ ಕಾಯಿಸಿದ ಅಗಸೆ ಎಣ್ಣೆ ಮೂರು ತೆಳು ಕೋಟ್, ಒಂದೊಂದೂ ಒಣಗಿದ ಮೇಲೆ ಮುಂದಿನದು. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ಮುಳುಗಿಸಿ, ಇಲ್ಲವೇ ಬಯಲಲ್ಲಿ ಹರಡಿ ಒಣಗಿಸಿ.

ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಿಂದ ಕೊಡುವ ಕುಶಲಕರ್ಮಿ ಗುರುತಿನ ಚೀಟಿಗೆ ಈ ನಡುವೆ ಅರ್ಜಿ ಹಾಕಿದ್ದೆ. ಎಲ್ಲಿ ಕಲಿತಿರಿ, ಪ್ರಮಾಣಪತ್ರ ಎಲ್ಲಿ ಎಂಬ ಪ್ರಶ್ನೆ ಬಂತು. ಸ್ವಂತ ಕಲಿತವರು ಇಲ್ಲಿ ಕುಗ್ಗಬಾರದು. ದಿಮ್ಮಿಯಿಂದ ಶುರುವಾಗಿ ಪ್ರತಿ ಹಂತದ ಫೋಟೋ ದಿನಾಂಕ ಸಮೇತ ಇಟ್ಟುಕೊಂಡಿದ್ದೆ, ಕೆತ್ತಿಯೂ ತೋರಿಸಿದೆ, ಒಪ್ಪಿದರು. ಮರದ ಪಾಸ್‌ನ ಪ್ರತಿ ಇಲ್ಲೂ ಉಪಯೋಗಕ್ಕೆ ಬಂತು.

ಪೆಟ್ಟಿಗೆಗೆ 12 ಮಿ.ಮೀ. ಪ್ಲೈವುಡ್. ಹೊರದೇಶಕ್ಕೆ ಕಳಿಸುವವರು ಇಡಿ ಮರದ ಹಲಗೆಯ ಪೆಟ್ಟಿಗೆ ಮಾಡಿದರೆ ಅದನ್ನು ಒಳಗಿನವರೆಗೆ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ಮುದ್ರೆ ಹಾಕಿಸಬೇಕು, ಪ್ಲೈವುಡ್‌ಗೆ ಆ ನಿಯಮ ಇಲ್ಲ. ಮೂರ್ತಿ ಬೀಟೆಯದಾಗಿದ್ದರೆ ಹೊರದೇಶಕ್ಕೆ ಕಳಿಸಲು ಸೈಟಿಸ್ (ಅಳಿವಿನಂಚಿನ ಜೀವಜಾತಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಕಾಗದಪತ್ರವೂ ಬೇಕಾಗಬಹುದು, ಹಲಸಿಗೆ ಬೇಡ. ಪೀಠವನ್ನು ತಳದ ಹಲಗೆಗೆ ಎರಡು ಬೋಲ್ಟ್‌ನಿಂದ ಬಿಗಿದು, ಕೈ, ತಲೆಗೆ ಯಾವುದೂ ತಾಗದಂತೆ ಸೊಂಟದಲ್ಲಿ ಮಾತ್ರ ಸ್ಪಂಜಿನ ಆಧಾರ ಕೊಟ್ಟೆ. ಬೋಲ್ಟಿನ ತೂತು ಉದ್ದುದ್ದ ಇರಲಿ, ಮರ ಹಿಗ್ಗಲು ಕುಗ್ಗಲು ಜಾಗ ಬೇಕು.

ಖರ್ಚು ಹೀಗಿದೆ: ಮರಕ್ಕೆ 4,500, ಮಿಲ್ಲು ಮತ್ತು ಸಾಗಣೆಗೆ 2,600, ಉಳಿ ಸಾಣೆಕಲ್ಲಿಗೆ 3,900, ಬೋರಾಕ್ಸ್ ಮೇಣ ಇತ್ಯಾದಿಗೆ 1,100, ಎಣ್ಣೆ, ಬಣ್ಣಕ್ಕೆ 900, ಪೆಟ್ಟಿಗೆಗೆ 3,200, ಪ್ರದರ್ಶನಕ್ಕೆ ಹೋಗಿಬರುವ ಗಾಡಿಗೆ 4,000. ಒಟ್ಟು 20,200 ರೂಪಾಯಿ. ಉಳಿಗಳು ಮುಂದಿನ ಮೂರ್ತಿಗೂ ಬರುತ್ತವೆ.

ಸಭಾಂಗಣದಲ್ಲಿ ಪೀಠದ ಬಲಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿದೆ. ಒಣಹವೆಯಲ್ಲಿ ಅದನ್ನು ಅಂಟು, ಮರದ ಪುಡಿ ತುಂಬಿ ಮುಚ್ಚಬಾರದು. ಮಳೆಗಾಲಕ್ಕೆ ಮರ ಹಿಗ್ಗಿದಾಗ ಆ ಗಟ್ಟಿ ಅಂಟೇ ಬೆಣೆಯಾಗಿ ಬಿರುಕನ್ನು ಇನ್ನಷ್ಟು ಅಗಲ ಮಾಡುತ್ತದೆ. ಮೂರ್ತಿ ಊರಿಗೆ ಬಂದು ಒಂದು ಮಳೆಗಾಲ ಕಳೆದು, ಮತ್ತೆ ಬೇಸಿಗೆಯಲ್ಲೂ ಬಿರುಕು ತೆರೆದೇ ಇದ್ದರೆ ಅದೇ ಹಲಸಿನ ತೆಳು ಸೀಳನ್ನು ಎಳೆಯ ದಿಕ್ಕಿಗೇ ಇಟ್ಟು, ಒಂದು ಬದಿಗೆ ಮಾತ್ರ ಅಂಟು ಹಚ್ಚಿ ಕೂರಿಸುತ್ತೇನೆ. ಅದಕ್ಕೆಂದೇ ದಿಮ್ಮಿಯ ತುಂಡುಗಳನ್ನು ಮೂರ್ತಿಯ ಜೊತೆಗೇ ಅಟ್ಟದಲ್ಲಿ ಒಣಗಿಸಿ ಇಟ್ಟಿದ್ದೇನೆ, ನೀವೂ ಇಟ್ಟುಕೊಳ್ಳಿ.